ಕೈಕಾಲು ಆಡ್ತವಲ್ಲ, ಅಷ್ಟು ಸಾಕು

ದೊಡ್ಡಪ್ಪನನ್ನು ಆಸ್ಪತ್ರೆಯಿಂದ ಊರಿಗೆ ಕರೆತಂದ ಮೇಲೆ ನೋಡಲು ಬಂದವರೆಲ್ಲ ಹೊಸ್ತಿಲಲ್ಲೇ ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಕೈಕಾಲು ಆಡ್ತವಾ?’ ಆಡುತ್ತಿದ್ದವು. ಅವರು ಎರಡೂ ಕೈ ಎತ್ತಿ ನಮಸ್ಕಾರ ಮಾಡುತ್ತಿದ್ದರು, ಬಂದವರ ಕೈಯನ್ನು ಬಿಗಿಯಾಗಿ ಹಿಡಿಯುತ್ತಿದ್ದರು, ಯಾರಾದರೂ ಪಕ್ಕದಲ್ಲಿ ನಿಂತರೆ ಗೋಡೆ ಹಿಡಿದು ಜಗಲಿಯ ತನಕ ನಡೆಯುತ್ತಿದ್ದರು. ಅದನ್ನು ಕಂಡ ಕೂಡಲೇ ಬಂದವರ ಮುಖ ಹಗುರಾಗುತ್ತಿತ್ತು. ‘ಲಕ್ವ ಅಂದ್ರು, ಗಾಬ್ರಿಯಾಗ್ಬುಟ್ಟಿದ್ದೆ ಕಣಪ್ಪ. ಕೈಕಾಲು ಆಡ್ತವಲ್ಲ, ಅಷ್ಟು ಸಾಕು ಬುಡು’ ಎಂದು ಸಮಾಧಾನ ಹೇಳಿ, ಕಾಫಿ ಕುಡಿದು ಹೊರಡುತ್ತಿದ್ದರು. ಅವರು ಕಾಫಿ ಕುಡಿಯುತ್ತಿದ್ದಷ್ಟು ಹೊತ್ತೂ ದೊಡ್ಡಪ್ಪ ಮೂಗಿನಲ್ಲಿ ನಳಿಗೆ ಇಟ್ಟುಕೊಂಡು, ಬಾಯಲ್ಲಿ ಊರಿದ ಎಂಜಲನ್ನೂ ನುಂಗಲಾಗದೆ, ಕೈಯಲ್ಲಿದ್ದ ಸ್ಟೀಲ್ ಲೋಟಕ್ಕೆ ಉಗುಳುತ್ತ ಕೂತಿರುತ್ತಿದ್ದರು. ಆರೋಗ್ಯವಂತ ಮನುಷ್ಯನ ಬಾಯಲ್ಲಿ ದಿನಕ್ಕೆ ಒಂದು ಲೀಟರಿನ ಆಸುಪಾಸು ಜೊಲ್ಲು ಊರುತ್ತದೆ. ನಾವು ಅದನ್ನು ನುಂಗುತ್ತಲೇ ಇರುತ್ತೇವೆ, ಆದ್ದರಿಂದ ಅದು ನಮ್ಮ ಗಮನಕ್ಕೆ ಬರುವುದಿಲ್ಲ. ದೊಡ್ಡಮ್ಮ ಆ ಲೋಟವನ್ನು ದಿನಕ್ಕೆ ಎಷ್ಟೋ ಸಲ ತೊಳೆದು ತಂದಿಡುತ್ತಿದ್ದರು.

ಬಂದವರ ಮೇಲೆ ನನಗೆ ಸಿಟ್ಟಿರಲಿಲ್ಲ. ಅವರು ಕೇಳಿದ್ದು ನಮ್ಮ ಸೀಮೆಯವರೆಲ್ಲ ಕೇಳುವ ಪ್ರಶ್ನೆಯನ್ನೇ. ಲಕ್ವ ಎಂದರೆ ಒಂದು ಕೈ, ಒಂದು ಕಾಲು ಬಿದ್ದುಹೋಗುವುದು, ಬಾಯಿ ಸೊಟ್ಟಗಾಗುವುದು. ವಾಸಿಯಾಯಿತು ಎಂದರೆ ಆ ಕಾಲು ಎದ್ದು ನಡೆಯುವುದು. ದುಡಿದು ತಿನ್ನುವ ಜನಕ್ಕೆ ಇದು ಸಹಜವಾದ ಲೆಕ್ಕಾಚಾರ. ಆದರೆ ಈ ಲೆಕ್ಕಾಚಾರದೊಳಗೆ ಸೇರದ ಒಂದು ಬಗೆಯ ಸ್ಟ್ರೋಕ್ ಇದೆ, ಮಿದುಳನ್ನು ಬೆನ್ನುಹುರಿಗೆ ಸೇರಿಸುವ ಮಿದುಳುಕಾಂಡದಲ್ಲಿ ಆಗುವಂಥದ್ದು. ಅದು ಬಂದಾಗಲೂ ಲಕ್ವದಂತೆ ಕಾಣುವುದಿಲ್ಲ, ಬಿಟ್ಟುಹೋದ ಮೇಲೂ ನಷ್ಟ ಏನಾಯಿತೆಂದು ಹೊರಗಿನವರಿಗೆ ತಿಳಿಯುವುದಿಲ್ಲ.

ಗ್ಯಾಸ್ಟ್ರಿಕ್ಕಿನಿಂದ ಎಂಆರ್‌ಐ ತನಕ

ಅವತ್ತು ಬೆಳಿಗ್ಗೆ ಕಬ್ಬಿನ ಗದ್ದೆಗೆ ನೀರು ಕಟ್ಟಲು ಹೋದವರು ಬದುವಿನ ಮೇಲೆ ಕುಸಿದು ಕೂತರಂತೆ. ಭೂಮಿಯೇ ತಿರುಗಿದಂತಾಗಿ ಎರಡು ಮೂರು ಸಲ ವಾಂತಿ. ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಕೊಟ್ಟು, ತಲೆಸುತ್ತಿಗೆ ಮಾತ್ರೆ ಬರೆದುಕೊಟ್ಟು ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ದನಿ ಒಡೆದಿತ್ತು, ಬಿಕ್ಕಳಿಕೆ ಹತ್ತಿತ್ತು. ಸಂಜೆ ಪಟ್ಟಣದಲ್ಲಿ ತಲೆಯ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ‘ನಾರ್ಮಲ್’ ಎಂಬ ವರದಿ ಬಂತು. ಆ ವರದಿಯನ್ನು ನಂಬದೆ ಇರಲು ಯಾರಿಗೂ ಕಾರಣವಿರಲಿಲ್ಲ. ತಲೆಯ ಹಿಂಭಾಗದ ದಪ್ಪ ಮೂಳೆಗಳ ನಡುವೆ ಅಡಗಿರುವ ಆ ಜಾಗವನ್ನು ಸಿ.ಟಿ. ಸ್ಕ್ಯಾನ್ ಸ್ಪಷ್ಟವಾಗಿ ತೋರಿಸಲಾರದು, ರಕ್ತ ನಿಂತುಹೋದ ಮೊದಲ ಗಂಟೆಗಳಲ್ಲಂತೂ ತೋರಿಸುವುದು ಬಹಳ ಕಡಿಮೆ ಎಂಬುದು ನಮಗೆ ಆಮೇಲೆ ತಿಳಿದ ಸಂಗತಿ.

ಮಾರನೆಯ ದಿನ ಮೈಸೂರಿನ ಆಸ್ಪತ್ರೆಯಲ್ಲಿ ನರರೋಗ ತಜ್ಞೆಯೊಬ್ಬರು ದೊಡ್ಡಪ್ಪನನ್ನು ಪರೀಕ್ಷಿಸಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕೈಕಾಲುಗಳ ಬಲವನ್ನು ಅರ್ಧ ನಿಮಿಷದಲ್ಲಿ ನೋಡಿ ಮುಗಿಸಿ, ಆಮೇಲಿನ ಸಮಯವನ್ನೆಲ್ಲ ಮುಖಕ್ಕೇ ಮೀಸಲಿಟ್ಟರು. ಎಡಗಣ್ಣಿನ ರೆಪ್ಪೆ ಒಂದಿಷ್ಟು ಜೋತಿತ್ತು. ಟಾರ್ಚ್ ಬಿಟ್ಟಾಗ ಎಡಗಣ್ಣಿನ ಪಾಪೆ ಬಲಗಣ್ಣಿನದಕ್ಕಿಂತ ಚಿಕ್ಕದಾಗಿದ್ದುದನ್ನು ನನ್ನನ್ನೂ ಕರೆದು ತೋರಿಸಿದರು. ಬಾಯಿ ತೆರೆದು ‘ಆ’ ಅನ್ನಿಸಿದಾಗ ಕಿರುನಾಲಗೆ ನೇರವಾಗಿ ಮೇಲೇಳದೆ ಬಲಕ್ಕೆ ಸರಿಯಿತು. ಎಡ ಅಂಗುಳನ್ನು ಎತ್ತಬೇಕಾದ ಸ್ನಾಯು ಸೋತಿದ್ದರಿಂದ ಬಲಗಡೆಯದು ಅದನ್ನು ತನ್ನತ್ತ ಎಳೆದುಕೊಂಡಿತ್ತು. ಕೊನೆಗೆ ಒಂದು ಪಿನ್ ತೆಗೆದುಕೊಂಡು ಮೆಲ್ಲಗೆ ಚುಚ್ಚುತ್ತ ಬಂದರು. ಎಡಗೆನ್ನೆಯ ಮೇಲೆ ಚುಚ್ಚಿದ್ದು ನೋಯಲಿಲ್ಲ. ಬಲಗೈ, ಬಲಗಾಲಿನ ಮೇಲೆ ಚುಚ್ಚಿದ್ದೂ ನೋಯಲಿಲ್ಲ. ಮುಖದಲ್ಲಿ ಎಡ, ಮೈಯಲ್ಲಿ ಬಲ. ಅವರು ತಲೆಯಾಡಿಸಿ ಕೇಸ್ ಶೀಟಿನಲ್ಲಿ ಮಿದುಳುಕಾಂಡದ ಕೆಳತುದಿಯಾದ ಮೆಡುಲ್ಲಾದ ಎಡ ಹೊರಬದಿ ಎಂದು ಜಾಗದ ಹೆಸರನ್ನು ಬರೆದಿಟ್ಟರು. ಎಂಆರ್‌ಐ ಆದದ್ದು ಅದಾದ ಮೇಲೆ. ಅವರು ಹೇಳಿದ ಜಾಗದಲ್ಲೇ ಅವರೆಕಾಳಿಗಿಂತಲೂ ಚಿಕ್ಕದಾದ ಬಿಳಿ ಚುಕ್ಕೆಯೊಂದು ಇತ್ತು.

ಇಕ್ಕಟ್ಟಾದ ಜಾಗ

ಇಷ್ಟು ಚಿಕ್ಕ ಚುಕ್ಕೆ ಇಷ್ಟೆಲ್ಲ ಮಾಡಿದ್ದು ಹೇಗೆ ಎಂದು ಆ ರಾತ್ರಿ ವಾರ್ಡಿನ ಹೊರಗೆ ಕೂತು ಯೋಚಿಸಿದ್ದೆ. ಆಮೇಲೆ ಓದಿ, ಕೇಳಿ ತಿಳಿದುಕೊಂಡದ್ದು ಇಷ್ಟು. ಮಿದುಳಿನಿಂದ ನೇರವಾಗಿ ಹೊರಡುವ ಹನ್ನೆರಡು ಜೋಡಿ ಕಪಾಲ ನರಗಳಲ್ಲಿ ವಾಸನೆಯದು ಮತ್ತು ನೋಟದ್ದು ಬಿಟ್ಟರೆ ಉಳಿದ ಹತ್ತರ ಕೇಂದ್ರಗಳೂ ಬಹುಮಟ್ಟಿಗೆ ಈ ಕಾಂಡದಲ್ಲೇ ಇವೆ. ಕಣ್ಣಾಲಿಯನ್ನು ಹೊರಳಿಸುವ ಮೂರನೆಯ ಮತ್ತು ನಾಲ್ಕನೆಯ ನರಗಳು ಮೇಲಿನ ನಡುಮಿದುಳಿನಿಂದ. ಮುಖದ ಸ್ಪರ್ಶ, ಕಣ್ಣಿನ ಹೊರನೋಟ, ಮುಖದ ಚಲನೆ, ಕೇಳಿಸುವಿಕೆ ಮತ್ತು ಸಮತೋಲನಕ್ಕೆ ಸಂಬಂಧಿಸಿದ ಐದರಿಂದ ಎಂಟರವರೆಗಿನವು ನಡುವಿನ ಪಾನ್ಸ್ ಮತ್ತು ಅದರ ಆಸುಪಾಸಿನಿಂದ. ಗಂಟಲು, ದನಿ, ನಾಲಿಗೆಗಳದು ಕೆಳಗಿನ ಮೆಡುಲ್ಲಾದಿಂದ. ಇಡೀ ಮೈಗೂ ಮಿದುಳಿಗೂ ನಡುವೆ ಓಡಾಡುವ ಸಂದೇಶಗಳೆಲ್ಲ ಹಾದುಹೋಗುವುದೂ ಇದೇ ದಾರಿಯಲ್ಲಿ. ಮೈಯ ತಂತುಗಳು ಒಂದಲ್ಲ ಒಂದು ಕಡೆ ಪಕ್ಕ ಬದಲಿಸುತ್ತವೆ, ಕಪಾಲ ನರಗಳು ಬಹುತೇಕ ತಮ್ಮ ಪಕ್ಕದಲ್ಲೇ ಹೊರಬೀಳುತ್ತವೆ. ಆದ್ದರಿಂದ ಕಾಂಡದ ಎಡಬದಿಗೆ ಪೆಟ್ಟು ಬಿದ್ದರೆ ಮುಖದಲ್ಲಿ ಎಡಗಡೆ, ಮೈಯಲ್ಲಿ ಬಲಗಡೆ ಕೆಡುತ್ತದೆ. ಪಿನ್ ಹಿಡಿದ ಆ ವೈದ್ಯೆ ಹುಡುಕುತ್ತಿದ್ದುದು ಈ ಅಡ್ಡದಾಟನ್ನೇ.

ಸ್ಕ್ಯಾನ್ ಇಲ್ಲದ ಕಾಲದಲ್ಲಿ ವೈದ್ಯರು ಈ ಅಡ್ಡದಾಟನ್ನೇ ನೆಚ್ಚಿಕೊಂಡು ಮಿದುಳುಕಾಂಡದ ನಕ್ಷೆ ಬರೆದಿದ್ದಾರೆ ಎಂಬುದು ನನಗೆ ಇವತ್ತಿಗೂ ಸೋಜಿಗ. 1856ರಲ್ಲಿ ಫ್ರಾನ್ಸಿನ ಮಿಲಾರ್ ಮತ್ತು ಗ್ಯೂಬ್ಲೆರ್, ಒಂದು ಪಕ್ಕದ ಮುಖ ಮತ್ತು ಇನ್ನೊಂದು ಪಕ್ಕದ ಕೈಕಾಲು ಸೋತವರನ್ನು ಕುರಿತು ಬರೆದರು. ಪೆಟ್ಟು ಬಿದ್ದದ್ದು ಪಾನ್ಸಿಗೆ. 1863ರಲ್ಲಿ ಲಂಡನ್ನಿನಲ್ಲಿದ್ದ ಹರ್ಮನ್ ವೆಬರ್, ಒಂದು ಕಣ್ಣಿನ ರೆಪ್ಪೆ ಮುಚ್ಚಿಹೋಗಿ ಎದುರು ಪಕ್ಕದ ಕೈಕಾಲು ಬಿದ್ದ ರೋಗಿಯನ್ನು ವಿವರಿಸಿದರು. ಅದು ನಡುಮಿದುಳಿನ ಪೆಟ್ಟು. ದೊಡ್ಡಪ್ಪನಿಗೆ ಆದದ್ದಕ್ಕೆ ಹೆಸರು ಕೊಟ್ಟವರು ಈಗ ಪೋಲೆಂಡಿನಲ್ಲಿರುವ, ಆಗ ಜರ್ಮನಿಗೆ ಸೇರಿದ್ದ ಡಾನ್ಜಿಗ್ ಪಟ್ಟಣದ ಅಡಾಲ್ಫ್ ವಾಲೆನ್‌ಬರ್ಗ್. 1895ರಲ್ಲಿ ಅವರು ಬರೆದದ್ದು ಹಗ್ಗ ಹೊಸೆಯುವ ಕೆಲಸದ ಮೂವತ್ತೆಂಟರ ಒಬ್ಬ ಮನುಷ್ಯನ ಬಗ್ಗೆ. ಲಕ್ಷಣಗಳನ್ನಷ್ಟೇ ಆಧರಿಸಿ, ಯಾವ ರಕ್ತನಾಳ ಕಟ್ಟಿಕೊಂಡಿರಬೇಕು ಎಂದು ಮೊದಲೇ ಊಹಿಸಿದ್ದರು. ರೋಗಿ ತೀರಿಕೊಂಡ ಮೇಲೆ ಮಿದುಳನ್ನು ಪರೀಕ್ಷಿಸಿ 1901ರಲ್ಲಿ ಪ್ರಕಟಿಸಿದ ವರದಿ ಆ ಊಹೆಯನ್ನು ಎತ್ತಿಹಿಡಿಯಿತು. ಇಷ್ಟು ಸೂಕ್ಷ್ಮವಾಗಿ ಮಿದುಳನ್ನು ಓದಿದ ಮನುಷ್ಯ, ಯೆಹೂದಿ ಎಂಬ ಕಾರಣಕ್ಕೆ ನಾತ್ಸಿಗಳ ಕಾಲದಲ್ಲಿ ಇಳಿವಯಸ್ಸಿನಲ್ಲಿ ತನ್ನ ಊರನ್ನೇ ಬಿಟ್ಟು ಇಂಗ್ಲೆಂಡಿಗೂ ಅಲ್ಲಿಂದ ಅಮೆರಿಕಕ್ಕೂ ಹೋಗಬೇಕಾಯಿತು. ಅವರಿಗೂ ಹಿಂದೆ, 1808ರಲ್ಲಿ, ಜಿನೀವಾದ ವೈದ್ಯ ಗಾಸ್ಪಾರ್ ವಿಯುಸೋ ತನಗೇ ಇದು ಬಡಿದಾಗ ತನ್ನ ಲಕ್ಷಣಗಳನ್ನು ತಾನೇ ಗಮನಿಸಿಕೊಂಡಿದ್ದರು. ತಲೆಸುತ್ತು, ಗೊಗ್ಗರು ದನಿ, ಒಂದು ಪಕ್ಕದ ಮುಖ ಮತ್ತು ಎದುರು ಪಕ್ಕದ ಮೈ ನೋವು ಮರೆತದ್ದು, ಬಿಕ್ಕಳಿಕೆ, ಜೋತ ರೆಪ್ಪೆ: ನಮ್ಮ ದೊಡ್ಡಪ್ಪನ ಕೇಸ್ ಶೀಟಿಗೂ ಆ ಪಟ್ಟಿಗೂ ಹೆಚ್ಚು ವ್ಯತ್ಯಾಸವಿಲ್ಲ.

ಕೈಕಾಲುಗಳಿಗೆ ಬಲದ ಸಂದೇಶ ಒಯ್ಯುವ ತಂತುಗಳು ಮೆಡುಲ್ಲಾದ ಮುಂಭಾಗದಲ್ಲಿ, ನಟ್ಟನಡುವೆ ಇಳಿಯುತ್ತವೆ. ಹೊರಬದಿಯ ಪೆಟ್ಟು ಅವುಗಳನ್ನು ಮುಟ್ಟುವುದೇ ಇಲ್ಲ. ಆದ್ದರಿಂದಲೇ ದೊಡ್ಡಪ್ಪನ ಕೈಕಾಲು ಆಡುತ್ತಿದ್ದವು. ಕಾಯಿಲೆ ಹಗುರವಾಗಿತ್ತು ಎಂಬ ಕಾರಣಕ್ಕಲ್ಲ.

ಹಿಟ್ಟು ನುಂಗುವ ಗಂಟಲು

ಮಂಡ್ಯದ ಕಡೆಯವರು ಮುದ್ದೆಯನ್ನು ಅಗಿಯುವುದಿಲ್ಲ. ಅಗಿದವನನ್ನು ನೋಡಿ ನಗುತ್ತೇವೆ. ಹಿಟ್ಟನ್ನು ಬೆರಳಲ್ಲಿ ಮುರಿದು, ಗೋಲಿ ಮಾಡಿ, ಉಪ್ಸಾರಿನಲ್ಲಿ ಹೊರಳಿಸಿ ಗಂಟಲಿಗೆ ಇಳಿಬಿಡಬೇಕು. ಆರು ದಶಕಗಳಿಗೂ ಮೀರಿ ಹಾಗೆ ಉಂಡ ಮನುಷ್ಯನ ಮುಂದೆ ಥೆರಪಿಸ್ಟ್ ಒಂದು ಚಮಚ ನೀರು ಹಿಡಿದು ಕೂತ ದಿನ ನಾನು ಪಕ್ಕದಲ್ಲಿದ್ದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದ ಹುಡುಗಿ ಆಕೆ. ಕಿವಿ ಕೇಳದ, ಮಾತು ಬಾರದ ಮಕ್ಕಳಿಗಾಗಿ ಇರುವ ಸಂಸ್ಥೆ ಎಂದೇ ನಮ್ಮಲ್ಲಿ ಹೆಚ್ಚಿನವರು ಅಂದುಕೊಂಡಿದ್ದೇವೆ. ನುಂಗುವುದನ್ನು ಮತ್ತೆ ಕಲಿಸುವುದೂ ಅದೇ ವಿದ್ಯೆಯ ಭಾಗ. ಆಕೆ ಎಡಗೈಯ ಬೆರಳುಗಳನ್ನು ದೊಡ್ಡಪ್ಪನ ಗಂಟಲಮಣಿಯ ಮೇಲೆ ಹಗುರವಾಗಿ ಇಟ್ಟು, ‘ತಾತ, ಈಗ ನುಂಗಿ’ ಎಂದಳು. ಅವರು ಕಣ್ಣುಮುಚ್ಚಿ ಪ್ರಯತ್ನಿಸಿದರು. ಗಂಟಲಮಣಿ ಅರ್ಧ ಎದ್ದು ನಿಂತಿತು. ‘ಆ ಅನ್ನಿ’ ಎಂದಾಗ ಬಂದ ದನಿಯಲ್ಲಿ ಗುಳುಗುಳು ಸದ್ದಿತ್ತು: ನೀರು ಇನ್ನೂ ಧ್ವನಿಪೆಟ್ಟಿಗೆಯ ಮೇಲೆಯೇ ನಿಂತಿತ್ತು. ಒಂದು ಕ್ಷಣದ ನಂತರ ಮುಖ ಕೆಂಪೇರುವಂತೆ ಕೆಮ್ಮಿದರು. ಸ್ವಲ್ಪ ನೀರು ಮೂಗಿನಿಂದ ಬಂತು. ಆಕೆ ಬೆನ್ನು ಸವರುತ್ತ, ‘ಕೆಮ್ಮು ಬಂತಲ್ಲ, ಅದು ಒಳ್ಳೇದೇ’ ಎಂದಳು. ಕೆಲವರಿಗೆ ನೀರು ಶ್ವಾಸನಾಳಕ್ಕೆ ಇಳಿದರೂ ಕೆಮ್ಮೇ ಬರುವುದಿಲ್ಲವಂತೆ. ಅಂಥವರು ಸದ್ದಿಲ್ಲದೆ ನ್ಯುಮೋನಿಯಾಕ್ಕೆ ತುತ್ತಾಗುತ್ತಾರೆ.

ನೀರೇ ಎಲ್ಲಕ್ಕಿಂತ ಕಷ್ಟ ಎಂಬುದನ್ನು ನಮ್ಮ ಮನೆಯವರಿಗೆ ಒಪ್ಪಿಸಲು ಬಹಳ ಕಾಲ ಹಿಡಿಯಿತು. ನೆತ್ತಿಗೆ ಹತ್ತಿದರೆ ನೀರು ಕೊಡುವುದು ನಮ್ಮ ರೂಢಿ. ಆದರೆ ಸೋತ ಗಂಟಲು ಬಾಗಿಲು ಮುಚ್ಚುವಷ್ಟರಲ್ಲಿ ನೀರು ಓಡಿ ಒಳಗೆ ಹೋಗಿರುತ್ತದೆ; ಮಂದವಾದದ್ದು ನಿಧಾನವಾಗಿ ಇಳಿಯುತ್ತ ಕಾಲಾವಕಾಶ ಕೊಡುತ್ತದೆ. ‘ಒಂದು ತೊಟ್ಟು ನೀರಿಗೆ ಏನಾಗ್ತದೆ’ ಎಂದು ಬಂಧುಗಳು ಲೋಟ ಹಿಡಿದು ಬಂದಾಗ ದೊಡ್ಡಮ್ಮ ಬಾಗಿಲಿಗೆ ಅಡ್ಡ ನಿಂತದ್ದೂ ಉಂಟು. ಇನ್ನೊಂದು ತೊಡಕು ಅನ್ನನಾಳದ ಬಾಯಿಯದು. ಅಲ್ಲಿ ಬಿಗಿದುಕೊಂಡಿರುವ ಸ್ನಾಯು ನುಂಗುವ ಗಳಿಗೆಯಲ್ಲಿ ಸಡಿಲವಾಗಬೇಕು. ಆ ಅಪ್ಪಣೆ ಕೊಡುವುದೂ ಇದೇ ಮೆಡುಲ್ಲಾ. ಹೀಗಾಗಿ ಒಂದೇ ಪಕ್ಕ ಕೆಟ್ಟಿದ್ದರೂ ನುಂಗುವ ಕೆಲಸವೇ ಇಡಿಯಾಗಿ ನಿಂತುಹೋಗಬಲ್ಲದು.

ಕಲಿಕೆ ಶುರುವಾದದ್ದು ನೀರಿಲ್ಲದೆ. ಗಂಟಲಮಣಿಯನ್ನು ಮೇಲಕ್ಕೆ ಎತ್ತಿ ಅಲ್ಲೇ ಒಂದೆರಡು ಕ್ಷಣ ಹಿಡಿದಿಡುವುದು, ಮಲಗಿದಲ್ಲಿಂದ ಭುಜ ಎತ್ತದೆ ತಲೆಯನ್ನಷ್ಟೇ ಎತ್ತಿ ಕಾಲಿನ ಬೆರಳು ನೋಡುವುದು. ಆಮೇಲೆ ಮಂದವಾದ ರಾಗಿ ಅಂಬಲಿ, ಅರ್ಧ ಚಮಚ. ತಲೆಯನ್ನು ಎಡಕ್ಕೆ, ಅಂದರೆ ಸೋತ ಪಕ್ಕಕ್ಕೇ ತಿರುಗಿಸಿಕೊಂಡು ನುಂಗಬೇಕಿತ್ತು. ಹಾಗೆ ತಿರುಗಿಸಿದಾಗ ಆ ಪಕ್ಕದ ಗಂಟಲು ಮಡಚಿಕೊಂಡು, ಆಹಾರ ಗಟ್ಟಿಯಾಗಿರುವ ಪಕ್ಕದಿಂದ ಇಳಿಯುತ್ತದೆ. ಊಟದ ಹೊತ್ತಿನಲ್ಲಿ ಟಿ.ವಿ. ಇಲ್ಲ, ಮಾತಿಲ್ಲ. ಹೊಲದ ಸುದ್ದಿ, ಹಾಲಿನ ಡೇರಿಯ ರಾಜಕೀಯವೆಲ್ಲ ತಟ್ಟೆಯ ಮುಂದೆಯೇ ಇತ್ಯರ್ಥವಾಗುತ್ತಿದ್ದ ಮನೆಯಲ್ಲಿ ದೊಡ್ಡಪ್ಪ ಗೋಡೆಗೆ ಮುಖ ಮಾಡಿ, ಪ್ರತಿ ತುತ್ತಿಗೂ ಮನಸ್ಸಿಟ್ಟು, ಒಬ್ಬರೇ ಉಣ್ಣತೊಡಗಿದರು. ಇಂಥ ಸ್ಟ್ರೋಕ್ ಆದವರಲ್ಲಿ ಬಹುಪಾಲು ಜನಕ್ಕೆ ಕೆಲವು ವಾರಗಳಿಂದ ತಿಂಗಳುಗಳ ಒಳಗೆ ನುಂಗುವುದು ಮರಳುತ್ತದೆ. ಅವರಿಗೂ ಮರಳಿತು, ಆದರೆ ಪೂರ್ತಿಯಾಗಿ ಅಲ್ಲ. ಹಿಟ್ಟನ್ನು ಈಗ ಸಾರಿನಲ್ಲಿ ಕಿವುಚಿ ಉಣ್ಣುತ್ತಾರೆ. ಮದುವೆ, ತಿಥಿಗಳ ಪಂಕ್ತಿಯಲ್ಲಿ ಕೂರುವುದಿಲ್ಲ. ‘ದೊಡ್ಡ ಮನ್ಸ ಆಗ್ಬುಟ್ಟ, ನಮ್ ಜತೆ ಉಣ್ಣಕಿಲ್ಲ’ ಎಂದು ಹಂಗಿಸಿದವರೂ ಇದ್ದಾರೆ.

ಬಿಕ್ಕಳಿಕೆಯ ಮಾತು ಬಂದರೆ, ಆಸ್ಪತ್ರೆಯಲ್ಲಿ ಅದು ದಿನಗಟ್ಟಲೆ ಬಿಡಲಿಲ್ಲ. ‘ಯಾರೋ ನೆನೆಸ್ಕತಾವ್ರೆ’ ಎಂದು ಮೊದಲು ನಕ್ಕವರೇ, ನಿದ್ದೆಯಲ್ಲೂ ಮೈ ಜಗ್ಗುವುದನ್ನು ನೋಡಿ ಸುಮ್ಮನಾದರು. ಔಷಧಿ ಕೊಟ್ಟ ಮೇಲೆ ಇಳಿಯಿತು. ಸ್ನಾನದ ತೊಂದರೆ ಮಾತ್ರ ಇಂದಿಗೂ ಉಳಿದಿದೆ. ಅವರು ಹಂಡೆಯ ನೀರಿಗೆ ಬಲಗೈ ಅದ್ದಿ ‘ತಣ್ಣಗದೆ, ಇನ್ನೊಂದಿಷ್ಟು ಬಿಸಿ ಉಯ್ಯಿ’ ಎನ್ನುತ್ತಿದ್ದರು. ಕೈಗೆ ಬಲವಿದೆ, ಮುಟ್ಟಿದ್ದೂ ತಿಳಿಯುತ್ತದೆ, ಬಿಸಿ ಮಾತ್ರ ತಿಳಿಯುವುದಿಲ್ಲ. ಈಗ ಎಡಗೈಯಲ್ಲಿ ನೋಡಿಕೊಳ್ಳುತ್ತಾರೆ. ಮುಖಕ್ಕೆ ನೀರು ಎರಚುವಾಗ ಅದೂ ತಲೆಕೆಳಗು.

ಮುಖದ ಲಕ್ವ ಮತ್ತು ನಾಟಿ ಎಣ್ಣೆ

ಫಿಸಿಯೋಥೆರಪಿಯ ಸಾಲಿನಲ್ಲಿ ಕಂಡ ಒಬ್ಬ ಶಾಲಾ ಮಾಸ್ತರರ ಸಂಗತಿಯನ್ನೂ ಹೇಳಬೇಕು. ಅವರಿಗೆ ಪೆಟ್ಟು ಬಿದ್ದದ್ದು ಪಾನ್ಸಿಗೆ. ಬಲಗಡೆಯ ಮುಖ ಹಣೆಯ ಸಮೇತ ಸೋತಿತ್ತು, ಬಲಗಣ್ಣು ಹೊರಕ್ಕೆ ಹೊರಳುತ್ತಿರಲಿಲ್ಲ. ಎದುರಿನ ಒಬ್ಬ ಮನುಷ್ಯ ಅಕ್ಕಪಕ್ಕ ನಿಂತ ಇಬ್ಬರಂತೆ ಕಾಣುವುದರಿಂದ ಕನ್ನಡಕದ ಒಂದು ಗಾಜಿಗೆ ಬಿಳಿ ಟೇಪು ಅಂಟಿಸಿಕೊಂಡಿದ್ದರು. ಮಿದುಳಿನ ಮೇಲ್ಭಾಗದ ಸ್ಟ್ರೋಕಿನಲ್ಲಿ ಬಾಯಿ ಸೊಟ್ಟಗಾದರೂ ಹಣೆಯ ನೆರಿಗೆ ಉಳಿಯುತ್ತದೆ, ಏಕೆಂದರೆ ಹಣೆಗೆ ಎರಡೂ ಪಕ್ಕದ ಮಿದುಳಿನಿಂದ ಅಪ್ಪಣೆ ಬರುತ್ತದೆ. ಹಣೆಯೂ ಸೋತಿದ್ದರೆ ಸಾಮಾನ್ಯವಾಗಿ ಅದು ನರವೇ ಊದಿಕೊಂಡ ಬೆಲ್ಸ್ ಪಾಲ್ಸಿ, ಅಪಾಯವಿಲ್ಲ ಎನ್ನುತ್ತಾರೆ. ಆದರೆ ಪಾನ್ಸಿನೊಳಗೆ ಆ ನರದ ಕೇಂದ್ರಕ್ಕೇ ಪೆಟ್ಟು ಬಿದ್ದಾಗಲೂ ಹಣೆ ಸೋಲುತ್ತದೆ. ಆಗ ಗುರುತು ಸಿಗಬೇಕಾದದ್ದು ಜೊತೆಯಲ್ಲಿರುವ ಕಣ್ಣಿನ ತೊಂದರೆಯಿಂದ, ತೂರಾಡುವ ನಡಿಗೆಯಿಂದ, ಎದುರು ಪಕ್ಕದ ಕೈಯಿಂದ.

ಮಾಸ್ತರರನ್ನು ಮನೆಯವರು ಮೊದಲು ಕರೆದೊಯ್ದದ್ದು ಲಕ್ವಕ್ಕೆ ಎಣ್ಣೆ ಕೊಡುವವರ ಬಳಿಗೆ. ನಮ್ಮ ಜಿಲ್ಲೆಗಳಲ್ಲಿ ಅಂಥ ಮನೆಗಳ ಮುಂದೆ ವಾರದ ಕೆಲವು ದಿನ ಕಾರುಗಳ ಸಾಲೇ ನಿಂತಿರುತ್ತದೆ. ಅವರ ಹೆಸರು ಬೆಳೆದದ್ದು ಬೆಲ್ಸ್ ಪಾಲ್ಸಿಯಿಂದ ಎಂಬುದು ನನ್ನ ಗಟ್ಟಿ ಅನಿಸಿಕೆ. ಅದು ಏನೂ ಮಾಡದಿದ್ದರೂ ಹೆಚ್ಚಿನವರಿಗೆ ತಾನಾಗಿ ವಾಸಿಯಾಗುತ್ತದೆ. ಕೀರ್ತಿ ಎಣ್ಣೆಗೆ ಹೋಗುತ್ತದೆ. ಆ ಕೀರ್ತಿಯನ್ನು ನಂಬಿ ಹೋದ ಸ್ಟ್ರೋಕಿನ ರೋಗಿ ಕಳೆದುಕೊಳ್ಳುವುದು ಹೆಪ್ಪು ಕರಗಿಸುವ ಔಷಧಿಗೆ ಇರುವ ನಾಲ್ಕೂವರೆ ಗಂಟೆಗಳ ಅವಧಿಯನ್ನು.

ಆದರೆ ಎಣ್ಣೆಯವರನ್ನಷ್ಟೇ ದೂರಿ ಫಲವಿಲ್ಲ. ಮುಖ, ಕೈ, ಮಾತು ನೋಡಿ ಎಂಬ ಪ್ರಚಾರದ ಸೂತ್ರದಲ್ಲೇ ದೊಡ್ಡಪ್ಪನಂಥವರು ತಪ್ಪಿಹೋಗುತ್ತಾರೆ; ಆದ್ದರಿಂದಲೇ ಈಗ ಅನೇಕ ಕಡೆ ಅದಕ್ಕೆ ಸಮತೋಲನ ಮತ್ತು ಕಣ್ಣನ್ನೂ ಸೇರಿಸಿ ಹೇಳುತ್ತಾರೆ. ಆಸ್ಪತ್ರೆಗಳಲ್ಲಿ ಸ್ಟ್ರೋಕಿನ ತೀವ್ರತೆಗೆ ಅಂಕ ಕೊಡುವ ಪದ್ಧತಿಯೂ ಕೈಕಾಲು ಮತ್ತು ಮಾತಿಗೆ ಹೆಚ್ಚು ತೂಕ ಕೊಡುತ್ತದೆ. ನುಂಗಲಾಗದ್ದಕ್ಕೆ ಅದರಲ್ಲಿ ಅಂಕವೇ ಇಲ್ಲ. ಬಿಡದ ತಲೆಸುತ್ತಿನೊಂದಿಗೆ ಬಂದವರಲ್ಲಿ ಕಣ್ಣಿನ ಚಲನೆಯನ್ನು ಮೂರು ಬಗೆಯಲ್ಲಿ ಪರೀಕ್ಷಿಸಿದರೆ, ಒಳಗಿವಿಯ ತೊಂದರೆಯೋ ಮಿದುಳುಕಾಂಡದ್ದೋ ಎಂದು ಆರಂಭದ ಎಂಆರ್‌ಐಗಿಂತಲೂ ಚೆನ್ನಾಗಿ ತಿಳಿಯುತ್ತದೆ ಎಂದು 2009ರಲ್ಲಿ ಅಮೆರಿಕದ ವೈದ್ಯರು ತೋರಿಸಿದರು. ಅದಕ್ಕೆ ಯಂತ್ರ ಬೇಕಿಲ್ಲ, ತರಬೇತಿ ಬೇಕು. ಇನ್ನು ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುಚಿ ನೆಟಿಗೆ ತೆಗೆಸುವ ಚಟವಿದ್ದವರಿಗೆ ಒಂದು ಮಾತು: ಮಿದುಳುಕಾಂಡಕ್ಕೆ ರಕ್ತ ಒಯ್ಯುವ ನಾಳಗಳು ಕುತ್ತಿಗೆಯ ಮೂಳೆಗಳ ರಂಧ್ರಗಳೊಳಗಿಂದಲೇ ಏರುತ್ತವೆ. ಥಟ್ಟನೆ ತಿರುಚಿದಾಗ ಅವುಗಳ ಒಳಪದರ ಹರಿದು ಸ್ಟ್ರೋಕ್ ಆದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಸಾಕಷ್ಟಿವೆ.

ಪ್ರಮಾಣಪತ್ರ

ಕಳೆದ ವರ್ಷ ದೊಡ್ಡಪ್ಪನಿಗೆ ಅಂಗವೈಕಲ್ಯದ ಪ್ರಮಾಣಪತ್ರ ಮಾಡಿಸೋಣವೆಂದು ಹೋದೆವು. ಅಲ್ಲಿಯೂ ಮೊದಲು ಕೈ ಎತ್ತಿಸಿದರು, ನಡೆಸಿ ನೋಡಿದರು. ಚೆನ್ನಾಗಿ ನಡೆದರು. ನುಂಗಲು ಆಗುವುದಿಲ್ಲ ಎಂದೆ. ಪರೀಕ್ಷಿಸಿದವರು ಒರಟಾಗಿ ಮಾತಾಡಲಿಲ್ಲ. ಅದಕ್ಕೆ ಇಲ್ಲಿ ಕಲಂ ಇಲ್ಲ ಎಂದರು. ನಿಜವೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ, ನುಂಗುವಿಕೆ ಅದರಲ್ಲಿಲ್ಲ. ಮಾಸ್ತರರ ಎರಡೆರಡಾಗಿ ಕಾಣುವ ಕಣ್ಣಿಗೂ ಅಲ್ಲಿ ಜಾಗ ಸಿಗುವುದು ಕಷ್ಟ, ಏಕೆಂದರೆ ಒಂದು ಕಣ್ಣು ಮುಚ್ಚಿಕೊಂಡರೆ ಇನ್ನೊಂದು ಕಣ್ಣು ಅಕ್ಷರಗಳ ಚಾರ್ಟನ್ನು ಕೊನೆಯ ಸಾಲಿನ ತನಕ ಓದುತ್ತದೆ. ಮನೆಗೆ ಬಂದು ಕಾಯ್ದೆಯ ಅನುಸೂಚಿಯನ್ನು ಓದಿ ನೋಡಿದೆ. ಕೊನೆಯಲ್ಲಿ, ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ಬೇರೆ ವರ್ಗಗಳನ್ನೂ ಸೇರಿಸಬಹುದು ಎಂಬ ಸಾಲು ಇದೆ. ಹೊಸ ಕಾಯ್ದೆ ಬೇಕಿಲ್ಲ, ಸಂಸತ್ತಿನಲ್ಲಿ ಚರ್ಚೆಯೂ ಬೇಕಿಲ್ಲ, ಒಂದು ಅಧಿಸೂಚನೆ ಸಾಕು. ನುಂಗುವ ಶಕ್ತಿ ಎಷ್ಟು ಕುಂದಿದೆ ಎಂದು ಅಳೆಯುವ ಪದ್ಧತಿಗಳು ಥೆರಪಿಸ್ಟುಗಳ ಬಳಿ ಆಗಲೇ ಇವೆ. ಇದನ್ನು ಕೇಳಿ ಬರೆದ ಅರ್ಜಿಗೆ ದೊಡ್ಡಪ್ಪ ತಮ್ಮ ಬಲಗೈಯಿಂದಲೇ ಸಹಿ ಹಾಕಿದ್ದಾರೆ. ಮಾಸ್ತರರ ಸಹಿಯೂ ಅದರ ಕೆಳಗಿದೆ.